ಲ್ವಾರ್ ಕಣಿವೆಯ ಶಾತೋಗಳು: ಓದುಗರು ಕೇಳಿದ್ದು, ನಾವು ಹೇಳಿದ್ದು

ಫ್ರಾನ್ಸ್‌ನ ಲ್ವಾರ್ ನದಿ ಮತ್ತು ಅದರ ಉಪನದಿಗಳ ದಡದಲ್ಲಿರುವ ಶಾತೋಗಳನ್ನು, ಅಂದರೆ ಕೋಟೆ, ಅರಮನೆ, ಹಳ್ಳಿಯ ದೊಡ್ಡಮನೆಗಳನ್ನು ನೋಡಲು ಹೊರಟವರ ಪ್ರಶ್ನೆಗಳು ಈ ಬಾರಿಯ ಅಂಕಣದಲ್ಲಿ. ಇಲ್ಲಿನ ಗೊಂದಲಗಳಲ್ಲಿ ಅರ್ಧಕ್ಕರ್ಧ ಒಂದೇ ಕಾರಣಕ್ಕೆ ಹುಟ್ಟುತ್ತವೆ. ಎಲ್ಲ ಶಾತೋಗಳೂ ಒಂದೇ ಇಲಾಖೆಯ ಕೈಯಲ್ಲಿವೆ ಎಂದು ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಒಡೆಯ ಯಾರು ಎಂಬುದರ ಮೇಲೆ ಟಿಕೆಟ್, ರಜೆ, ರಿಯಾಯಿತಿ ಎಲ್ಲವೂ ಬದಲಾಗುತ್ತವೆ.

ಪ್ರಶ್ನೆ: ಕೈಯಲ್ಲಿ ಮೂರು ದಿನ ಇದೆ, ಪಟ್ಟಿಯಲ್ಲಿ ಹನ್ನೊಂದು ಶಾತೋ ಇವೆ. ಎಲ್ಲವನ್ನೂ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಕೊನೆಗೆ ಪಾರ್ಕಿಂಗ್ ಜಾಗಗಳಷ್ಟೇ ನೆನಪಿರುತ್ತವೆ. ದಿನಕ್ಕೆ ಎರಡು ಸಾಕು: ಒಂದು ದೊಡ್ಡದು, ಒಂದು ಸಣ್ಣದು. ಶಾಂಬೋರ್‌ಗೆ ಮೂರು ಗಂಟೆ ಬೇಕು. ಶೆನೊನ್ಸೋ, ಶವರ್ನಿ, ಬ್ಲ್ವಾ, ವಿಲಾಂದ್ರಿಗೆ ತಲಾ ಎರಡು ಗಂಟೆ, ಅಜೇ-ಲ-ರಿದೋ ಮತ್ತು ಲಾಂಜೆಗೆ ಒಂದೂವರೆ ಗಂಟೆ ಹಿಡಿಯುತ್ತದೆ.

ಪಟ್ಟಿಯನ್ನು ಹೆಸರಿನ ಪ್ರಸಿದ್ಧಿ ನೋಡಿ ಮಾಡಬೇಡಿ, ನದಿ ನೋಡಿ ಮಾಡಿ. ಯುನೆಸ್ಕೋ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಭಾಗವೇ ಸ್ಯುಲ್ಲಿಯಿಂದ ಶಾಲೋನ್‌ವರೆಗೆ ಸುಮಾರು 280 ಕಿ.ಮೀ. ಉದ್ದವಿದೆ. ಪ್ರವಾಸಿಗರ ಲೆಕ್ಕದಲ್ಲಿ ನಡುವಿನ ಪ್ರದೇಶ ಮೂರು ತುಂಡಾಗುತ್ತದೆ. ಪೂರ್ವಕ್ಕೆ ಬ್ಲ್ವಾ, ಶಾಂಬೋರ್, ಶವರ್ನಿ. ನಡುವೆ ಅಂಬ್ವಾಜ್, ಕ್ಲೋ ಲ್ಯೂಸೆ ಮತ್ತು ಶೆರ್ ನದಿಯ ಮೇಲಿನ ಶೆನೊನ್ಸೋ. ತೂರ್ ಪಟ್ಟಣದ ಪಶ್ಚಿಮಕ್ಕೆ ವಿಲಾಂದ್ರಿ, ಲಾಂಜೆ, ಆ್ಯಂದ್ರ್ ನದಿಯ ನಡುವಿನ ಅಜೇ, ಉಸ್ಸೆ, ವಿಯೆನ್ ನದಿಯ ಷಿನೋಂ. ಒಂದು ದಿನಕ್ಕೆ ಒಂದು ತುಂಡು. ಬೆಳಗ್ಗೆ ಶಾಂಬೋರ್, ಮಧ್ಯಾಹ್ನ ಷಿನೋಂ ಎಂದು ಇಟ್ಟುಕೊಂಡವರು ನೂರು ಕಿ.ಮೀ.ಗೂ ಹೆಚ್ಚು ದೂರ ಕಾರಿನಲ್ಲೇ ಕೂತಿರುತ್ತಾರೆ.

ಪ್ಯಾರಿಸ್‌ನಿಂದ ಬೆಳಗ್ಗೆ ಹೊರಡುವ ಬಸ್‌ಗಳು ಇಲ್ಲಿಗೆ ತಲುಪಲು ಎರಡು ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ಬಾಗಿಲು ತೆಗೆದ ಮೊದಲ ಗಂಟೆ ಬಿಡುವಾಗಿರುತ್ತದೆ, ಹನ್ನೊಂದರಿಂದ ಮೂರೂವರೆವರೆಗೆ ನೂಕುನುಗ್ಗಲು. ಶೆನೊನ್ಸೋವನ್ನು ಬೆಳಗಿನ ಮೊದಲ ಗಂಟೆಯಲ್ಲೋ ಸಂಜೆ ನಾಲ್ಕರ ಮೇಲೋ ನೋಡಿ. ಕೊನೆಯ ಪ್ರವೇಶ ಮುಚ್ಚುವ ವೇಳೆಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನಿಂತುಹೋಗುತ್ತದೆ ಎಂಬುದನ್ನೂ ಗಮನಿಸಿ.

ಪ್ರಶ್ನೆ: ಕಾರು ಬಾಡಿಗೆಗೆ ಪಡೆಯಬೇಕೇ, ರೈಲು ಸಾಕೇ?

ಉತ್ತರ: ಐದಾರು ಶಾತೋಗಳಿಗೆ ರೈಲು ಸಾಕು. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಸುಮಾರು ಒಂದು ಗಂಟೆ ಚಿಲ್ಲರೆಯಲ್ಲಿ ಸ್ಯಾಂ-ಪಿಯೆರ್-ದೆ-ಕೋರ್ ತಲುಪುತ್ತದೆ. ಹಲವು ಟಿಜಿವಿಗಳು ತೂರ್ ಪಟ್ಟಣದ ಒಳಗೆ ಹೋಗುವುದಿಲ್ಲ. ಇಲ್ಲೇ ಇಳಿದು ಐದು ನಿಮಿಷದ ಷಟಲ್ ರೈಲು ಹಿಡಿಯಬೇಕು. ತೂರ್ ಬರಲಿ ಎಂದು ಕೂತೇ ಇದ್ದರೆ ರೈಲು ನಿಮ್ಮನ್ನು ನೇರ ಮುಂದಿನ ಊರಿಗೆ ಕರೆದೊಯ್ಯುತ್ತದೆ.

ತೂರ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಶೆನೊನ್ಸೋಗೆ ಅರ್ಧ ಗಂಟೆ, ನಿಲ್ದಾಣ ಶಾತೋದ ಗೇಟಿಗೇ ಹತ್ತಿಕೊಂಡಿದೆ. ಆದರೆ ದಿನಕ್ಕೆ ರೈಲುಗಳು ಕಡಿಮೆ, ಮಧ್ಯಾಹ್ನ ಗಂಟೆಗಟ್ಟಲೆ ಖಾಲಿ, ಭಾನುವಾರ ಇನ್ನೂ ವಿರಳ. ಮೊದಲು ವಾಪಸು ರೈಲಿನ ವೇಳೆ ನೋಡಿ, ಆಮೇಲೆ ಹೋಗುವ ರೈಲು ಗೊತ್ತುಮಾಡಿ. ಅಂಬ್ವಾಜ್ ನಿಲ್ದಾಣ ನದಿಯ ಉತ್ತರ ದಡದಲ್ಲಿದೆ, ಕೋಟೆ ದಕ್ಷಿಣಕ್ಕೆ. ನಡುವಿನ ದ್ವೀಪ ದಾಟಿ ಇಪ್ಪತ್ತು ನಿಮಿಷ ನಡೆಯಬೇಕು. ಲಾಂಜೆಯಲ್ಲಿ ನಿಲ್ದಾಣದಿಂದ ಕೋಟೆ ಕೆಲವೇ ನಿಮಿಷ, ಅಜೇಯಲ್ಲಿ ಅರ್ಧ ಗಂಟೆ ನಡಿಗೆ.

ಅತಿ ಹೆಚ್ಚು ಜನ ಮೋಸಹೋಗುವುದು ‘ಬ್ಲ್ವಾ-ಶಾಂಬೋರ್’ ಎಂಬ ನಿಲ್ದಾಣದಲ್ಲಿ. ಅದು ಇರುವುದು ಬ್ಲ್ವಾ ಪಟ್ಟಣದಲ್ಲಿ, ಶಾಂಬೋರ್ ಅಲ್ಲಿಂದ ಇನ್ನೂ ಹದಿನಾರು ಕಿ.ಮೀ. ವಸಂತದಿಂದ ಶರತ್ಕಾಲದವರೆಗೆ ಅಲ್ಲಿಂದ ಶಾಂಬೋರ್, ಶವರ್ನಿಗೆ ಷಟಲ್ ಬಸ್ ಓಡುತ್ತದೆ. ಚಳಿಗಾಲದಲ್ಲಿ ಟ್ಯಾಕ್ಸಿಯನ್ನೇ ನಂಬಬೇಕಾದೀತು, ಅದನ್ನೂ ಮೊದಲೇ ಹೇಳಿಡಬೇಕು.

ಉಸ್ಸೆ, ವಿಲಾಂದ್ರಿ ಮತ್ತು ಒಳಹಳ್ಳಿಯ ದೊಡ್ಡಮನೆಗಳಿಗೆ ಕಾರೇ ಸರಿ. ಅಲ್ಪಾವಧಿಗೆ ಬಂದವರ ವಿದೇಶಿ ಲೈಸೆನ್ಸ್ ಅಲ್ಲಿ ನಡೆಯುತ್ತದೆ, ಆದರೆ ಜೊತೆಗೆ ಫ್ರೆಂಚ್ ಅನುವಾದ ಅಥವಾ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು. ಅದನ್ನು ಹೊರಡುವ ಮುನ್ನ ಸ್ವದೇಶದಲ್ಲೇ ಮಾಡಿಸಿಕೊಳ್ಳಿ. ಗೇರು ಹಾಕುವ ಅಭ್ಯಾಸ ತಪ್ಪಿದ್ದರೆ ಆಟೋಮ್ಯಾಟಿಕ್ ಕಾರನ್ನು ವಾರಗಳ ಮೊದಲೇ ಕಾಯ್ದಿರಿಸಿ. ಊರ ಹೆಸರಿನ ಕೆಂಪು ಅಂಚಿನ ಬಿಳಿ ಫಲಕ ಕಂಡ ಜಾಗದಿಂದ ಗಂಟೆಗೆ 50 ಕಿ.ಮೀ. ಮಿತಿ ಶುರು. ಬೇರೆ ವೇಗಫಲಕ ಇರುವುದಿಲ್ಲ, ಕ್ಯಾಮೆರಾ ಇದ್ದೀತು. ಅದೇ ಹೆಸರಿನ ಮೇಲೆ ಗೀಟು ಎಳೆದ ಫಲಕ ಬಂದರೆ ಮಿತಿ ಮುಗಿಯಿತು. ಹಳ್ಳಿಯ ಕೂಡುರಸ್ತೆಯಲ್ಲಿ ಯಾವ ಗುರುತೂ ಇಲ್ಲದಿದ್ದರೆ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಅದು ಸಣ್ಣ ಗಲ್ಲಿಯಿಂದ ಬಂದರೂ ಸರಿ.

ಜಿಪಿಎಸ್‌ನಲ್ಲಿ ಊರಿನ ಹೆಸರನ್ನು ಪೂರ್ತಿ ಬರೆಯಿರಿ. ಲ್ವಾರ್‌ನ ಉತ್ತರಕ್ಕೆ ‘ಲ ಲ್ವಾರ್’ ಎಂಬ ಬೇರೆಯೇ ಸಣ್ಣ ನದಿ ಇದೆ. ಉಚ್ಚಾರ ಒಂದೇ, ಫ್ರೆಂಚ್ ಬರಹದಲ್ಲಿ ಕೊನೆಯ ಒಂದು ಅಕ್ಷರ ಕಡಿಮೆ. ಲೂದ್ ಶಾತೋ ಇರುವುದು ಆ ನದಿಯ ಮೇಲೆ.

ಪ್ರಶ್ನೆ: ಎಲ್ಲಕ್ಕೂ ನಡೆಯುವ ಒಂದೇ ಪಾಸ್ ಇದೆಯೇ? ಮಕ್ಕಳಿಗೆ ಉಚಿತವೇ?

ಉತ್ತರ: ಎಲ್ಲಕ್ಕೂ ನಡೆಯುವ ಪಾಸ್ ಇಲ್ಲ. ಕಾರಣ ಮೇಲೆ ಹೇಳಿದ್ದೇ. ಶಾಂಬೋರ್, ಅಜೇ, ಆಂಜೇ ಸರ್ಕಾರದವು. ಬ್ಲ್ವಾ ನಗರಸಭೆಯದು. ಷಿನೋಂ ಜಿಲ್ಲಾಡಳಿತದ್ದು, ಶೋಮೋಂ ಪ್ರಾಂತ್ಯದ್ದು. ಲಾಂಜೆ ‘ಆ್ಯಂಸ್ತಿತ್ಯೂ ದ ಫ್ರಾಂಸ್’ ಸಂಸ್ಥೆಯದು, ಅಂಬ್ವಾಜ್ ಹಳೆಯ ರಾಜವಂಶದ ಪ್ರತಿಷ್ಠಾನದ್ದು. ಶೆನೊನ್ಸೋ 1913ರಿಂದ ಚಾಕೊಲೇಟ್ ವ್ಯಾಪಾರದ ಮೆನಿಯೆ ಮನೆತನದ ಸ್ವತ್ತು. ವಿಲಾಂದ್ರಿ, ಶವರ್ನಿ, ಉಸ್ಸೆ ಕೂಡ ಖಾಸಗಿ ಕುಟುಂಬಗಳವು. ಪ್ರವಾಸಿ ಕಚೇರಿಗಳಲ್ಲಿ ಎರಡು ಮೂರು ಶಾತೋಗಳ ಜಂಟಿ ಟಿಕೆಟ್ ಸಿಗುತ್ತದೆ. ನಿಮ್ಮ ಪಟ್ಟಿಗೆ ಹೊಂದಿದರೆ ಮಾತ್ರ ಕೊಳ್ಳಿ, ಟಿಕೆಟ್‌ಗೆ ತಕ್ಕಂತೆ ಪಟ್ಟಿ ಬದಲಿಸಬೇಡಿ.

ಸರ್ಕಾರಿ ಸ್ಮಾರಕಗಳಲ್ಲಿ 18ರ ಒಳಗಿನವರಿಗೆ ಉಚಿತ. 18ರಿಂದ 25ರವರಿಗೆ ಉಚಿತ ಎಂಬುದು ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ ಮತ್ತು ಅಲ್ಲಿ ವಾಸವಿರುವವರಿಗೆ ಮಾತ್ರ. ಅಲ್ಲೇ ಓದುತ್ತಿರುವ ಮಗನೋ ಮಗಳೋ ಇದ್ದರೆ ವಾಸದ ಪರವಾನಗಿ ಜೊತೆಗಿರಲಿ. ಖಾಸಗಿ ಶಾತೋಗಳಲ್ಲಿ ಈ ನಿಯಮ ನಡೆಯುವುದಿಲ್ಲ, ಮಕ್ಕಳಿಗೂ ಟಿಕೆಟ್ ಇರುತ್ತದೆ. 2026ರ ಜನವರಿಯಿಂದ ಶಾಂಬೋರ್ ಸೇರಿದಂತೆ ಕೆಲವು ಸರ್ಕಾರಿ ಸ್ಮಾರಕಗಳು ಯುರೋಪಿಯನ್ ಆರ್ಥಿಕ ವಲಯದ ಹೊರಗಿನವರಿಗೆ ಹೆಚ್ಚಿನ ದರ ಇಟ್ಟಿವೆ. ಆನ್‌ಲೈನ್‌ನಲ್ಲಿ ಕಡಿಮೆ ದರದ ಸಾಲನ್ನು ಒತ್ತಿ ಸಂತೋಷಪಡಬೇಡಿ, ಗೇಟಿನಲ್ಲಿ ಗುರುತುಚೀಟಿ ಕೇಳಬಹುದು.

ರಜೆಯೂ ಒಡೆಯನನ್ನು ಅನುಸರಿಸುತ್ತದೆ. ಅಜೇ, ಆಂಜೇ ಜನವರಿ 1, ಮೇ 1, ಡಿಸೆಂಬರ್ 25ರಂದು ಬಾಗಿಲು ಹಾಕುತ್ತವೆ. ಶೆನೊನ್ಸೋ ವರ್ಷದ 365 ದಿನವೂ ತೆರೆದಿರುತ್ತದೆ.

ಪ್ರಶ್ನೆ: ಶಾಂಬೋರ್‌ನ ಕೋಣೆಗಳು ಬೋಳುಬೋಳಾಗಿವೆ, ನಿರಾಸೆಯಾಗುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ. ನಿಜವೇ?

ಉತ್ತರ: ಬೋಳಾಗಿರುವುದು ನಿಜ. ಕಾರಣ ತಿಳಿದಿದ್ದರೆ ನಿರಾಸೆ ಕಡಿಮೆ. ಮೊದಲನೆಯ ಫ್ರಾನ್ಸ್ವಾ 1519ರಲ್ಲಿ ಕಟ್ಟಿಸಲು ತೊಡಗಿದ ಈ ಬೇಟೆಯ ಅರಮನೆಯಲ್ಲಿ ಆತ ತನ್ನ 32 ವರ್ಷಗಳ ಆಳ್ವಿಕೆಯಲ್ಲಿ ಉಳಿದದ್ದು ಎಲ್ಲ ಸೇರಿ ಎಪ್ಪತ್ತು ಚಿಲ್ಲರೆ ದಿನ. ಆಗಿನ ಫ್ರೆಂಚ್ ಆಸ್ಥಾನ ಒಂದೆಡೆ ನಿಲ್ಲುತ್ತಿರಲಿಲ್ಲ. ಸಾವಿರಾರು ಜನ, ಕುದುರೆಗಳು ಊರಿಂದೂರಿಗೆ ಹೊರಟಾಗ ಮಂಚ, ಪೆಟ್ಟಿಗೆ, ಗೋಡೆಗೆ ತೂಗುವ ಚಿತ್ರಗಂಬಳಿ, ಪಾತ್ರೆಪಡಗ ಎಲ್ಲವೂ ಗಾಡಿಯಲ್ಲಿ ಜೊತೆಗೇ ಹೋಗುತ್ತಿದ್ದವು. ರಾಜನಿಲ್ಲದ ದಿನಗಳಲ್ಲಿ ಅರಮನೆ ಖಾಲಿ ಇರುವುದೇ ವಾಡಿಕೆಯಾಗಿತ್ತು. ಆಮೇಲಿನ ನಿವಾಸಿಗಳು ತಂದ ಪೀಠೋಪಕರಣಗಳೂ ಫ್ರೆಂಚ್ ಕ್ರಾಂತಿಯಲ್ಲಿ ಹರಾಜಾದವು.

ಶಾಂಬೋರ್‌ನಲ್ಲಿ ನೋಡಬೇಕಾದದ್ದು ಕಟ್ಟಡವನ್ನೇ. ನಡುವಿನ ಮೆಟ್ಟಿಲು ಎರಡು ಸುರುಳಿಗಳದು. ಒಂದೇ ಟೊಳ್ಳುಗಂಬದ ಸುತ್ತ ಒಂದರ ಮೇಲೊಂದು ಸುತ್ತಿಕೊಂಡು ಮೇಲೇರುತ್ತವೆ, ಎಲ್ಲೂ ಸಂಧಿಸುವುದಿಲ್ಲ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ಸುರುಳಿ ಹತ್ತಿ. ನಡುಗಂಬದ ಕಿಂಡಿಗಳಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಲೇ ಇರುತ್ತದೆ. ಇದರ ಕಲ್ಪನೆ ಲಿಯೊನಾರ್ಡೊ ಡ ವಿಂಚಿಯದು ಎನ್ನುವವರಿದ್ದಾರೆ. ಆತ 1516ರಲ್ಲಿ ಅಂಬ್ವಾಜ್‌ಗೆ ಬಂದು 1519ರ ಮೇ 2ರಂದು ತೀರಿಕೊಂಡ, ಅಂದರೆ ಇಲ್ಲಿ ಕಟ್ಟಡ ಏಳುವುದನ್ನು ನೋಡಲಿಲ್ಲ. ಅವನ ಕೈಬರಹದ ನಕ್ಷೆಯೇ ಇದು ಎಂದು ಖಚಿತವಾಗಿ ಹೇಳುವ ಗೈಡ್‌ನ ಮಾತನ್ನು ಅರ್ಧ ಮಾತ್ರ ನಂಬಿ. ಎರಡನೆಯ ಮಹಡಿಯ ಕಮಾನುಚಾವಣಿಯಲ್ಲಿ ಫ್ರಾನ್ಸ್ವಾನ ಲಾಂಛನವಾದ, ಹಲ್ಲಿಯಂಥ ಸಾಲಮ್ಯಾಂಡರ್ ಕೊರೆದಿದ್ದಾರೆ, ಕತ್ತೆತ್ತಿ ನೋಡುವವರು ಕಡಿಮೆ. ಕೊನೆಗೆ ತಾರಸಿ. ಚಿಮಣಿ, ಗೋಪುರ, ಕಿಟಕಿಗಳ ಒಂದು ಪುಟ್ಟ ಪೇಟೆಯೇ ಅಲ್ಲಿದೆ, ಬೆಂಕಿಗೂಡುಗಳೇ 282. ಬಿಸಿಲಿರುವ ಹೊತ್ತು ನೋಡಿಕೊಂಡು ಅಲ್ಲಿಗೆ ಹತ್ತಿ.

ಸಜ್ಜುಗೊಂಡ ಕೋಣೆಗಳೇ ಬೇಕೆಂದರೆ ಶವರ್ನಿಗೆ ಹೋಗಿ. ಒಂದೇ ಮನೆತನ ತಲೆಮಾರುಗಳಿಂದ ಉಳಿಸಿಕೊಂಡಿರುವ ಮನೆ, ಮಂಚ-ಕುರ್ಚಿಗಳೆಲ್ಲ ಜಾಗದಲ್ಲೇ ಇವೆ. ಟಿನ್‌ಟಿನ್ ಓದುವ ಮಕ್ಕಳಿಗೆ ಅದು ಥಟ್ಟನೆ ಗುರುತಾಗುತ್ತದೆ. ಹರ್ಜೆ ಕ್ಯಾಪ್ಟನ್ ಹ್ಯಾಡಕ್‌ನ ಬಂಗಲೆಯನ್ನು ಬರೆದದ್ದು ಶವರ್ನಿಯ ಎರಡು ಪಕ್ಕದ ಕಟ್ಟಡಗಳನ್ನು ತೆಗೆದುಹಾಕಿ. ಹದಿನೈದನೆಯ ಶತಮಾನದ ವಾತಾವರಣ ಬೇಕಿದ್ದವರಿಗೆ ಲಾಂಜೆ.

ಪ್ರಶ್ನೆ: ಗೈಡ್ ಇಲ್ಲದೆ, ಕಟ್ಟಡ ನೋಡಿಯೇ ಅದರ ಕಾಲ ಹೇಳಲು ಬರುತ್ತದೆಯೇ?

ಉತ್ತರ: ಬರುತ್ತದೆ, ಕಣ್ಣು ಎಲ್ಲಿ ಇಡಬೇಕೆಂದು ಗೊತ್ತಿದ್ದರೆ. ಮೊದಲು ಕಿಟಕಿ ನೋಡಿ. ಬಾಣ ಬಿಡುವ ಸೀಳುಕಿಂಡಿಗಳು ಮಾತ್ರ ಇದ್ದರೆ ಅದು ಯುದ್ಧದ ಕೋಟೆ. ಆಂಜೇಯ 17 ದುಂಡು ಬುರುಜುಗಳು ಹದಿಮೂರನೆಯ ಶತಮಾನದವು, ಕಪ್ಪು ಪದರಕಲ್ಲು ಮತ್ತು ಬಿಳಿ ಸುಣ್ಣಕಲ್ಲಿನ ಪಟ್ಟೆಗಳಿಂದ ದೂರಕ್ಕೇ ಗುರುತು ಸಿಗುತ್ತವೆ. ನಿಲುಕಂಬ ಅಡ್ಡಕಂಬಗಳಿಂದ ನಾಲ್ಕು ಪಾಲಾದ ದೊಡ್ಡ ಕಿಟಕಿಗಳಿದ್ದರೆ ಅದು ವಾಸದ ಮನೆ. ಇವೆರಡರ ನಡುವಿನ ಹೊಸ್ತಿಲು ಲಾಂಜೆ. ಹನ್ನೊಂದನೆಯ ಲೂಯಿ 1465ರ ಹೊತ್ತಿಗೆ ಕಟ್ಟಿಸಿದ ಈ ಶಾತೋದ ಪೇಟೆಕಡೆಯ ಮುಖದಲ್ಲಿ ಎತ್ತುಸೇತುವೆ, ಬುರುಜು ಎಲ್ಲ ಇವೆ. ಬಾಗಿಲು ದಾಟಿ ಅಂಗಳಕ್ಕೆ ಬಂದು ಹಿಂತಿರುಗಿ ನೋಡಿದರೆ ಅದೇ ಕಟ್ಟಡ ಸಾಲುಕಿಟಕಿಗಳ ನೆಮ್ಮದಿಯ ಮನೆ.

1494ರಿಂದ ಫ್ರೆಂಚ್ ರಾಜರು ಇಟಲಿಯ ಮೇಲೆ ದಂಡೆತ್ತಿ ಹೋಗಿ ಅಲ್ಲಿನ ರುಚಿ ಹತ್ತಿಸಿಕೊಂಡು ಬಂದರು. ಆಮೇಲಿನ ಕಟ್ಟಡಗಳಲ್ಲಿ ಸಮರೂಪತೆ, ಚಪ್ಪಟೆ ಅರೆಗಂಬ, ಚಿಪ್ಪಿನ ಕೆತ್ತನೆ ಕಾಣುತ್ತವೆ. ಕೋಟೆಯ ಚಿಹ್ನೆಗಳು ಹೋಗಲಿಲ್ಲ, ಒಡವೆಯಾದವು. ಅಜೇಯ ಮೂಲೆಗೋಪುರಗಳ ಕೆಳಗೆ ಕಲ್ಲು ಸುರಿಯುವ ಕಿಂಡಿಯಂಥ ಸಾಲು ಇದೆ, ಅದು ಬರೀ ಅಂದಕ್ಕೆ.

ಒಂದೇ ಕಡೆ ನಿಂತು ಎಲ್ಲವನ್ನೂ ಕಲಿಯಬೇಕೆಂದರೆ ಬ್ಲ್ವಾ ಅರಮನೆಯ ಅಂಗಳದ ನಡುವೆ ನಿಲ್ಲಿ. ಹದಿಮೂರನೆಯ ಶತಮಾನದ ಸಭಾಭವನ, ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲಿನ ಹನ್ನೆರಡನೆಯ ಲೂಯಿಯ ಪಾರ್ಶ್ವ, ತೆರೆದ ಸುರುಳಿಮೆಟ್ಟಿಲಿನ ಫ್ರಾನ್ಸ್ವಾನ ಪಾರ್ಶ್ವ, 1635ರಿಂದ ವಾಸ್ತುಶಿಲ್ಪಿ ಫ್ರಾನ್ಸ್ವಾ ಮಾಂಸಾರ್ ಕಟ್ಟಿದ ನೆಟ್ಟನೆಯ ಕ್ಲಾಸಿಕಲ್ ಪಾರ್ಶ್ವ: ನಾಲ್ಕು ಕಾಲಗಳು ಒಂದೇ ಸುತ್ತಿನಲ್ಲಿ. ಒಳಗಿನ ಗಾಢ ಬಣ್ಣಗಳನ್ನು ಮಾತ್ರ ಹಳೆಯದೆಂದು ಎಣಿಸಬೇಡಿ. ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದಲ್ಲಿ ಫೆಲಿಕ್ಸ್ ದ್ಯುಬಾಂ ಮಾಡಿಸಿದ ಜೀರ್ಣೋದ್ಧಾರದ ಕೊಡುಗೆ.

ಲಾಂಛನಗಳೂ ನೆರವಾಗುತ್ತವೆ. ಮುಳ್ಳುಹಂದಿ ಹನ್ನೆರಡನೆಯ ಲೂಯಿಯದು, ಬಿಳಿ ತುಪ್ಪಳದ ಅರ್ಮಿನ್ ರಾಣಿ ಆನ್‌ಳದು, ಸಾಲಮ್ಯಾಂಡರ್ ಫ್ರಾನ್ಸ್ವಾನದು. ಆದರೆ ಲಾಂಛನ ಇದ್ದ ಮಾತ್ರಕ್ಕೆ ರಾಜನೇ ಕಟ್ಟಿಸಿದ ಎಂದಲ್ಲ. ಅಜೇಯನ್ನು ಕಟ್ಟಿಸಿದ್ದು ಖಜಾನೆಯ ಅಧಿಕಾರಿ ಜಿಲ್ ಬೆರ್ತಲೋ. ಬಾಗಿಲ ಮೇಲಿನ ಸಾಲಮ್ಯಾಂಡರ್ ದೊರೆಯನ್ನು ಒಲಿಸಲು ಕೆತ್ತಿಸಿದ್ದು. ಅದು ಫಲಿಸಲಿಲ್ಲ. ಹಣದ ಹಗರಣದಲ್ಲಿ ಸಿಕ್ಕಿ ಆತ ಓಡಿಹೋದ, ಮನೆ ರಾಜನ ಪಾಲಾಯಿತು.

ಪ್ರಶ್ನೆ: ಗೋಡೆಗಳಲ್ಲಿ ಕೆಲವು ಕಲ್ಲು ಹಾಲುಬಿಳಿ, ಪಕ್ಕದ್ದು ಕಪ್ಪು. ಸರಿಯಾಗಿ ತೊಳೆಯುವುದಿಲ್ಲವೇ?

ಉತ್ತರ: ಬಿಳಿಯವು ಹೊಸದಾಗಿ ಕೂರಿಸಿದವು. ಇಲ್ಲಿನ ಕಲ್ಲು ‘ತ್ಯುಫೋ’, ಮೃದುವಾದ ಸುಣ್ಣಕಲ್ಲು. ಅದರ ಗಾತ್ರದಲ್ಲಿ ಅರ್ಧದ ಹತ್ತಿರ ಸೂಕ್ಷ್ಮ ರಂಧ್ರಗಳೇ. ಆದ್ದರಿಂದ ಗರಗಸದಲ್ಲಿ ಕೊಯ್ಯಬಹುದು, ನವುರಾಗಿ ಕೆತ್ತಬಹುದು. ಅದೇ ಕಾರಣಕ್ಕೆ ನೀರು ಹೀರುತ್ತದೆ, ಹೊರಪದರ ಹಪ್ಪಳದಂತೆ ಏಳುತ್ತದೆ. ಗಾಳಿಯ ಗಂಧಕದ ಅಂಶ ಸೇರಿ ಮಳೆ ತಾಗದ ಮೂಲೆಗಳಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ. ರಭಸದ ನೀರಿನಿಂದ ತೊಳೆದರೆ ಕೆತ್ತನೆಯೇ ಹೋಗುತ್ತದೆ. ಸಂದುಗಳಿಗೆ ಸಿಮೆಂಟ್ ಬಳಿದರೆ ತೇವ ಹೊರಹೋಗಲಾರದೆ ಸುತ್ತಲ ಕಲ್ಲೇ ಕೊಳೆಯುತ್ತದೆ, ಹಾಗಾಗಿ ಸುಣ್ಣದ ಗಾರೆಯೇ ಬೇಕು. ಈ ಕಲ್ಲು ತೆಗೆದ ಗುಹೆಗಳು ಸೋಮ್ಯೂರ್ ಸುತ್ತ ಇವೆ, ಕೆಲವದರಲ್ಲಿ ಅಣಬೆ ಬೆಳೆಯುತ್ತಾರೆ. ಒಳಗೆ ಬೇಸಿಗೆಯಲ್ಲೂ ಥಂಡಿ, ಸ್ವೆಟರ್ ಇರಲಿ.

ಪ್ರಶ್ನೆ: ರಾಜರ ಅರಮನೆ ಬೇಡ, ಹಳ್ಳಿಯ ಜಮೀನ್ದಾರರ ಮನೆಗಳನ್ನು ನೋಡಬೇಕು. ಒಳಗೆ ಬಿಡುತ್ತಾರೆಯೇ? ಉಳಿಯಬಹುದೇ?

ಉತ್ತರ: ಒಳ್ಳೆಯ ಆಸೆ. ಇವನ್ನು ‘ಮಾನ್ವಾರ್’ ಎನ್ನುತ್ತಾರೆ, ನಮ್ಮ ಉತ್ತರ ಕರ್ನಾಟಕದ ವಾಡೆಗಳಂತೆ ವಾಸ, ಉಗ್ರಾಣ, ಲಾಯ ಒಂದೇ ಅಂಗಳದ ಸುತ್ತ. ಸುಲಭದ ಮೊದಲ ಹೆಜ್ಜೆ ಅಂಬ್ವಾಜ್‌ನ ಕ್ಲೋ ಲ್ಯೂಸೆ, ಲಿಯೊನಾರ್ಡೊ ಕೊನೆಯ ಮೂರು ವರ್ಷ ಬಾಳಿದ ಇಟ್ಟಿಗೆಮನೆ. ಕಾದಂಬರಿಕಾರ ಬಾಲ್ಜಾಕ್ ಬಂದು ಬರೆಯುತ್ತಿದ್ದ ಸಾಶೆ ಮತ್ತು ಲೇಖಕ ರಾಬ್ಲೆಯ ಹುಟ್ಟುಮನೆ ಎನ್ನಲಾದ ದವಿನಿಯೇರ್ ಈಗ ವಸ್ತುಸಂಗ್ರಹಾಲಯಗಳು.

ಉಳಿದವುಗಳಲ್ಲಿ ಜನ ವಾಸವಿದ್ದಾರೆ. ಸಂರಕ್ಷಿತ ಮನೆಯ ಒಡೆಯರು ರಿಪೇರಿ ಖರ್ಚಿಗೆ ಪೂರ್ತಿ ತೆರಿಗೆ ವಿನಾಯಿತಿ ಪಡೆಯಬೇಕಾದರೆ ಮನೆಯನ್ನು ಜನರಿಗೆ ತೆರೆದಿರಬೇಕು: ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 50 ದಿನ, ಅದರಲ್ಲಿ 25 ರಜಾದಿನಗಳು, ಇಲ್ಲವೇ ಜುಲೈ-ಸೆಪ್ಟೆಂಬರ್‌ನಲ್ಲಿ 40 ದಿನ. ಹೆಚ್ಚಿನ ಮಾನ್ವಾರ್‌ಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುವುದರ ಗುಟ್ಟು ಇದೇ. ಅಕ್ಟೋಬರ್‌ನಲ್ಲಿ ಹೋಗಿ ಗೇಟು ಬಡಿದರೆ ನಾಯಿ ಮಾತ್ರ ಬರುತ್ತದೆ. ಸೆಪ್ಟೆಂಬರ್‌ನ ಮೂರನೆಯ ವಾರಾಂತ್ಯದ ಪರಂಪರೆ ದಿನಗಳಲ್ಲಿ ಬೇರೆ ಸಮಯದಲ್ಲಿ ಮುಚ್ಚಿರುವ ಎಷ್ಟೋ ಮನೆಗಳು ತೆರೆಯುತ್ತವೆ.

ಉಳಿಯಲು ‘ಶಾಂಬ್ರ್ ದೋತ್’, ಅಂದರೆ ಮನೆಯವರೇ ಅತಿಥಿಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳ ವ್ಯವಸ್ಥೆ ಹುಡುಕಿ. ಕಾನೂನಿನ ಪ್ರಕಾರ ಹೆಚ್ಚೆಂದರೆ ಐದು ಕೋಣೆ, 15 ಅತಿಥಿಗಳು, ಬೆಳಗಿನ ಉಪಾಹಾರ ಬಾಡಿಗೆಯಲ್ಲೇ ಸೇರಿರಬೇಕು. ಇದು ಹೋಟೆಲ್ ಅಲ್ಲ, ಸ್ವಾಗತದ ಮೇಜು ಇರುವುದಿಲ್ಲ. ತಲುಪುವ ವೇಳೆ ತಿಳಿಸಿ, ತಡವಾದರೆ ಫೋನ್ ಮಾಡಿ. ರಾತ್ರಿಯೂಟ ಬೇಕಿದ್ದರೆ ಮುಂಚೆಯೇ ಹೇಳಬೇಕು: ಎಲ್ಲರಿಗೂ ಒಂದೇ ಮೇಜು, ಒಂದೇ ಅಡುಗೆ. ಶಾಕಾಹಾರ ಎಂದಷ್ಟೇ ಹೇಳಿದರೆ ಮೀನು ಬಂದೀತು. ಮಾಂಸ, ಮೀನು, ಹಂದಿಕೊಬ್ಬು, ಮಾಂಸದ ಸಾರು ಯಾವುದೂ ಬೇಡ ಎಂದು ಬಿಡಿಸಿ ಬರೆಯಿರಿ. ಮೊಟ್ಟೆಯ ವಿಷಯವನ್ನೂ ಸ್ಪಷ್ಟಪಡಿಸಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಎಲ್ಲಿಗೆ ಕರೆದೊಯ್ಯಬಹುದು?

ಉತ್ತರ: ಶೆನೊನ್ಸೋದ ಮುಖ್ಯ ಆಕರ್ಷಣೆ, ಶೆರ್ ನದಿಯ ಮೇಲಿನ 60 ಮೀಟರ್ ಉದ್ದದ ಗ್ಯಾಲರಿ, ನೆಲಮಟ್ಟದಲ್ಲೇ ಇದೆ. ಮಹಡಿ ಹತ್ತದೆಯೂ ತೃಪ್ತಿಯಿಂದ ಬರಬಹುದು. ಅಡುಗೆಮನೆಗಳು ಮಾತ್ರ ಕೆಳಗೆ, ಸೇತುವೆಯ ಕಾಲುಗಳೊಳಗೆ. ವಿಲಾಂದ್ರಿಯಲ್ಲಿ ತೋಟದ ಟಿಕೆಟ್ ಪ್ರತ್ಯೇಕ ಸಿಗುತ್ತದೆ, ಮನೆಯ ಮೆಟ್ಟಿಲು ಬಿಡಬಹುದು. ಅಲ್ಲಿನ ಒಂಬತ್ತು ಚೌಕಗಳ ತರಕಾರಿ ತೋಟ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತುಂಬಿರುತ್ತದೆ, ಮಾರ್ಚ್‌ನಲ್ಲಿ ಬರೀ ಮಣ್ಣು. ಎಲ್ಲೆಡೆ ತೊಂದರೆ ಕೊಡುವುದು ಜಲ್ಲಿ ಹಾಸಿದ ದಾರಿ. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಹೂತುಕೊಳ್ಳುತ್ತದೆ. ಅಂಥ ಕಡೆ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ ಎಳೆಯುವುದೇ ಸುಲಭ. ಲೋಶ್‌ನ ಹಳೆಯ ಬುರುಜು, ಷಿನೋಂ ಕೋಟೆಯ ಗೋಪುರಗಳು ಬೇಡ.

ಪ್ರಶ್ನೆ: ಮಧ್ಯಾಹ್ನದ ಊಟಕ್ಕೆ ಏನು ವ್ಯವಸ್ಥೆ?

ಉತ್ತರ: ಹಳ್ಳಿಗಳಲ್ಲಿ ಅಡುಗೆಮನೆ 12ರಿಂದ 2ರವರೆಗೆ ಮಾತ್ರ. ಎರಡು ಹೊಡೆದ ಮೇಲೆ ಹೋದರೆ ಕಾಫಿಯಷ್ಟೇ. ಭಾನುವಾರ ರಾತ್ರಿ, ಸೋಮವಾರ ಅನೇಕ ಹೋಟೆಲುಗಳು ಮುಚ್ಚಿರುತ್ತವೆ. ಬೆಳಗ್ಗೆಯೇ ಬ್ರೆಡ್ಡು, ಆಡಿನ ಹಾಲಿನ ಚೀಸ್, ಹಣ್ಣು ಕೊಂಡಿಟ್ಟುಕೊಳ್ಳುವುದು ಜಾಣತನ.

ಪ್ರಶ್ನೆ: ಲ್ವಾರ್‌ನಲ್ಲಿ ಈಜಬಹುದೇ? ನೀರು ಮೊಣಕಾಲುದ್ದವೇ ಕಾಣುತ್ತದೆ.

ಉತ್ತರ: ಬೇಡ. ಮರಳದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ, ಅಂಚಿನಲ್ಲಿ ದಿಢೀರನೆ ಆಳ, ಕಾಲಡಿಯ ಮರಳು ಜಾರುತ್ತದೆ. ಬಹುತೇಕ ಕಡೆ ನಿಷೇಧವೂ ಇದೆ. ಚಪ್ಪಟೆ ತಳದ ಸಾಂಪ್ರದಾಯಿಕ ದೋಣಿಗಳಲ್ಲಿ ಹೋಗಿ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಅವೂ ನಿಲ್ಲಬಹುದು, ಹಿಂದಿನ ದಿನ ವಿಚಾರಿಸಿ.

ಪ್ರಶ್ನೆ: ಸೈಕಲ್ ದಾರಿ ಚೆನ್ನಾಗಿದೆಯಂತೆ. ಯಾವ ತುಂಡು ಆಯ್ದುಕೊಳ್ಳಲಿ?

ಉತ್ತರ: ‘ಲ್ವಾರ್ ಆ ವೆಲೋ’ ಒಟ್ಟು 900 ಕಿ.ಮೀ. ಹೊಸಬರಿಗೆ ತೂರ್‌ನಿಂದ ವಿಲಾಂದ್ರಿ, ಸುಮಾರು 20 ಕಿ.ಮೀ., ಬಹುಪಾಲು ಶೆರ್ ದಡದ ಸಮತಟ್ಟು. ಅಂಬ್ವಾಜ್‌ನಿಂದ ಶೆನೊನ್ಸೋಗೆ ದೂರ ಕಡಿಮೆ, ಆದರೆ ಎರಡು ಕಣಿವೆಗಳ ನಡುವಿನ ದಿಬ್ಬ ಹತ್ತಿಳಿಯಬೇಕು. ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ವಿಲಾಂದ್ರಿಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ, ಹಾಗಾಗಿ ಬೆಳಗ್ಗೆ ಕಾಲಲ್ಲಿ ಕಸುವಿರುವಾಗ ಹೊರಡಿ. ಬಾಡಿಗೆ ಸೈಕಲ್‌ಗೆ ಬೀಗ, ಪಂಕ್ಚರ್ ಸಾಮಾನು, ಚೀಲ ಕಟ್ಟುವ ಕ್ಯಾರಿಯರ್ ಕೇಳಿ ಪಡೆಯಿರಿ. ದೊಡ್ಡ ಸೂಟ್‌ಕೇಸ್ ಹಿಡಿದು ಬಂದರೆ ಶಾತೋಗಳಲ್ಲಿ ಒಳಗೆ ಬಿಡುವುದಿಲ್ಲ, ಅದನ್ನು ತೂರ್‌ನ ವಸತಿಗೃಹದಲ್ಲೇ ಬಿಟ್ಟಿರಿ.